ಮೂರನೆಯ ಹಾಡಿನ ರೊಟ್ಟಿ

ಸುಳ್ಳು ಅನ್ನುವವರು ರಾಮದುರ್ಗದ ನಮ್ಮ ಮನೆಗೆ ಬಂದು ಕೇಳಲಿ.

ಹುಡುಗರಿದ್ದಾಗ ನಾನು, ಗೆಳೆಯ ಯುವರಾಜ ಎರಡು ಟೇಪ್‌ರೆಕಾರ್ಡರ್ ಎದುರುಬದುರಿಟ್ಟು ನಮ್ಮ ಮೆಚ್ಚಿನ ಹಾರ್ಡ್ ರಾಕ್ ತಂಡದ ಕ್ಯಾಸೆಟ್ ನಕಲು ಮಾಡಿಕೊಂಡಿದ್ದೆವು. ಮೂರನೆಯ ಹಾಡಿನಲ್ಲಿ ಅವ್ವ ನಾಲ್ಕು ರೊಟ್ಟಿ ಬಡಿದ ಸಪ್ಪಳವೂ ಸೇರಿಕೊಂಡಿತ್ತು. ಅವ್ವ ತೀರಿ ಒಂಬತ್ತು ವರ್ಷವಾಯಿತು.

ಮೊನ್ನೆ ಮಧ್ಯಾಹ್ನ ಅದೇ ಆಲ್ಬಮ್ಮಿನ ಮರುಬಿಡುಗಡೆಯ ರೆಕಾರ್ಡು ವಿದೇಶದಿಂದ ಬಂತು. ಸೀಲು ಒಡೆದು ಪ್ಲೇಯರಿಗೆ ಹಾಕಿದೆವು.

“ಹಳೇ ಗದ್ದಲೆಲ್ಲಾ ತೊಳದಾರ ನೋಡು,” ಎಂದ ಯುವರಾಜ.

ಮೂರನೆಯ ಹಾಡಿನಲ್ಲಿ ಅದೇ ನಾಲ್ಕು ರೊಟ್ಟಿ. ಕೋಣೆಯಲ್ಲಿ ಬೆಂದ ಜೋಳದ ವಾಸನೆ.

“ಇದನ್ನ ವಾಪಸ್ ಕಳಿಸಿಬಿಡು ಲೇ, ಸಾಗರ,” ಎಂದು ಯುವರಾಜ ನನ್ನತ್ತ ತಿರುಗಿದ.

“ಯಾಕ ಕಳಿಸ್ಲಿ? ಇದರಾಗ ನಮ್ಮವ್ವ ಅದಾಳ!”

ಸ್ಪೀಕರಿನಲ್ಲಿ ಅವ್ವನ ದನಿ ಕೇಳಿತು: “ಇನ್ನೊಂದ್ ರೊಟ್ಟಿ ಬಡೀಲೇನಪಾ?”

“ಬಡಿ, ಯವ್ವಾ!” ಎಂದು ಕೂಗಿದೆ.

ಆ ಹಾಡನ್ನೇ ಮತ್ತೆ ಹಾಕಿ ಇಬ್ಬರೂ ಎಣಿಸಿದೆವು. ಐದು.