ಅರವತ್ತಡಿ ಸರಿದ ಗಡಿಕಲ್ಲು

18ನೇ ತಾರೀಖು, ಸೋಮವಾರ, ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದಂಥ ದೂರು ಭೂಮಿ ಹುಟ್ಟಿದ ಮೇಲೆ ಯಾವ ಠಾಣೆಗೂ ಬಂದಿರಲಿಕ್ಕಿಲ್ಲ. ಸರ್ವೇಯರ್ ಬೆವರು ಒರೆಸಿಕೊಳ್ಳುತ್ತ ಹೇಳಿದ: "ಸಾರ್, ಜಿಲ್ಲೆ ದೊಡ್ಡದಾಗಿದೆ."

"ಎಷ್ಟು?"

"ಅರವತ್ತಡಿ. ನೂರಾ ಹನ್ನೆರಡನೇ ಗಡಿಕಲ್ಲನ್ನ ಯಾರೋ ಕಿತ್ತು ರಾಜಧಾನಿಯೊಳಗೆ ನೆಟ್ಟಿದಾರೆ. ನಗರದ ಒಂದು ಮನೆ ಈಗ ನಿಮ್ಮ ಕಡೆ ಬಂದ್ಬಿಟ್ಟಿದೆ."

ಆ ಜಿಲ್ಲೆಯೇ ಹಾಗೆ, ರಾಜಧಾನಿಯ ಸುತ್ತ ಟೈರಿನಂತೆ ಹಬ್ಬಿತ್ತು. ಜಿಲ್ಲಾ ಕಚೇರಿ ಮಾತ್ರ ನಡುವಿನ ನಗರದಲ್ಲಿ. ತಮ್ಮ ಜಿಲ್ಲಾಧಿಕಾರಿಯನ್ನು ಕಾಣಬೇಕಾದರೆ ಜನ ಜಿಲ್ಲೆಯನ್ನೇ ಬಿಟ್ಟು ಹೋಗಬೇಕು. ಗಡಿಯ ಬೀದಿಗಳಲ್ಲಿ ಕಸ ಇವರದಾದರೆ ಚರಂಡಿ ಅವರದು. ಇಂಥ ಗಡಿಯ ಇಂಚಿಂಚೂ ಬಲ್ಲವರು ಮೂರು ಲೋಕದಲ್ಲಿ ಒಬ್ಬರೇ, ನಮ್ಮ ಇನ್ಸ್‌ಪೆಕ್ಟರ್ ಸಾಹೇಬರು. ತಲೆನೋವಿನ ಕೇಸು ಬಂದರೆ ಕುರ್ಚಿಯಿಂದ ಏಳದೆಯೇ ಅದನ್ನು ಗಡಿಯಾಚೆ ಎಸೆಯುತ್ತಿದ್ದರು. ಒಂಬತ್ತು ವರ್ಷದಲ್ಲಿ ಎಸೆದದ್ದನ್ನೆಲ್ಲ ಪೇರಿಸಿದ್ದರೆ ವಿಮಾನಗಳು ದಾರಿ ಬದಲಿಸಬೇಕಾಗುತ್ತಿತ್ತು. ಠಾಣೆಯವರು ಬೆನ್ನ ಹಿಂದೆ 'ಗಡಿ ಸಾಹೇಬರು' ಎನ್ನುತ್ತಿದ್ದರು. ಸಾಹೇಬರಿಗೆ ಅದು ಬಿರುದಾಗಿತ್ತು.

10.45ಕ್ಕೆ ಎಫ್‌ಐಆರ್ ದಾಖಲಾಯಿತು. 11.30ಕ್ಕೆ ಸ್ಥಳ ಪಂಚನಾಮೆ. ಹೊಸ ಜಾಗದ ಕಲ್ಲನ್ನು ಎತ್ತಿಸಿದಾಗ ಗುಂಡಿಯ ತಳದಲ್ಲಿ ಇದ್ದಿಲು, ಹಂಚಿನ ಚೂರು ಕಂಡವು.

"ಇದೇನಿದು?"

"ಕಲ್ಲು ಕಳೆದುಹೋದ್ರೂ ಜಾಗದ ಗುರುತು ಉಳೀಲಿ ಅಂತ ನಮ್ಮ ಇಲಾಖೆಯವ್ರು ತಳಕ್ಕೆ ಹಾಕ್ತೀವಿ ಸಾರ್," ಎಂದ ಸರ್ವೇಯರ್. "ಹೊರಗಿನವ್ರಿಗೆ ಇದು ಗೊತ್ತಾಗೋದಿಲ್ಲ."

"ಕಳ್ಳನೂ ಹಾಕಿದಾನಾ?"

"ಎಷ್ಟು ಅಚ್ಚುಕಟ್ಟಾಗಿ ಹಾಕಿದಾನೆ ನೋಡಿ. ಈಗಿನ ನಮ್ಮೋರಿಗೆ ಇದು ಬರಲ್ಲ."

ಎದುರಿನ ಅಂಗಡಿಯ ಟೈಲರಮ್ಮ ಹೊಲಿಗೆ ನಿಲ್ಲಿಸದೆ ಹೇಳಿಕೆ ಕೊಟ್ಟಳು. "ಶುಕ್ರವಾರ ಹನ್ನೊಂದು ಗಂಟೆ, ಹಾಡಹಗಲು. ಖಾಕಿ ಅಂಗಿ ತೊಟ್ಟ ತಾತ, ಇಬ್ಬರು ಕೂಲಿಯವ್ರು. ಸರ್ಕಾರಿ ಕೆಲ್ಸ ಅನ್ಕೊಂಡ್ವಿ."

"ಯಾರೂ ಕೇಳ್ಲಿಲ್ವಾ?"

"ಕೇಳೋದೇನು? ನಿಮ್ಮ ಮೀಸೆಯವ್ರೇ ಟೇಪಿನ ತುದಿ ಹಿಡ್ಕೊಂಡು ನಿಂತಿದ್ರಲ್ಲ."

ಜೊತೆಗಿದ್ದ ಕಾನ್‌ಸ್ಟೇಬಲ್‌ನ ಮೀಸೆ, ಹದ್ದಿನ ರೆಕ್ಕೆಯಂಥದ್ದು, ನೆನೆದ ಗುಬ್ಬಚ್ಚಿಯಂತಾಯಿತು. "ಹಿಡ್ಕೊಳ್ಳಪ್ಪ ಅಂದ್ರು ಸಾರ್. ಹಿರಿಯರು ಅಂತ..."

ಖಾಕಿ ತಾತ ಎಂದದ್ದೇ ಸರ್ವೇಯರ್‌ಗೆ ಹೊಳೆಯಿತು. ಮೂವತ್ತೆಂಟು ವರ್ಷ ಅಳತೆ ಸರಪಳಿ ಎಳೆದು ನಿವೃತ್ತನಾದ 'ಸರಪಳಿ ತಾತ'. ಕಳ್ಳತನದಲ್ಲೂ ಕೆಲಸ ಕೆಡಿಸಲು ಅವನಿಗೆ ಮನಸ್ಸು ಬಂದಿರಲಿಲ್ಲ.

ಮಧ್ಯಾಹ್ನ 3ಕ್ಕೆ ಪೊಲೀಸರು ತಾತನ ಮನೆಯಲ್ಲಿದ್ದರು. ಒಂದೇ ಕೋಣೆ. ಗೂಟದಲ್ಲಿ ಖಾಕಿ ಅಂಗಿ. ಮಂಚದ ಮೇಲೆ ತಾತನ ಮಗಳು, ಬಲಗೈಗೆ ಪ್ಲಾಸ್ಟರ್.

ಸಾಹೇಬರಿಗೆ ಅವಳ ಗುರುತು ಸಿಕ್ಕಿತು. 11ನೇ ತಾರೀಖು ಇವಳೇ ಅವರ ಮೇಜಿನ ಮುಂದೆ ನಿಂತಿದ್ದಳು. ಗಂಡ ಹೊಡೆಯುತ್ತಾನೆ ಎಂದಿದ್ದಳು. ಅವರು ತಲೆಯೆತ್ತದೆ, "ನಿಮ್ಮ ಮನೆ ಕಲ್ಲಿನಾಚೆ ಇದೆಯಮ್ಮ, ನಗರದ ಠಾಣೆಗೆ ಹೋಗಿ" ಎಂದಿದ್ದರು. ಆವತ್ತು ಆ ಕೈ ನೆಟ್ಟಗಿತ್ತು.

"ಕಲ್ಲು ಸರಿಸಿದ್ದು ನೀವೇನಾ?"

"ನಾನೇ. ಅರವತ್ತಡಿ ನಾಲ್ಕಂಗುಲ."

"ಯಾಕೆ?"

"ನೀವು ನಗರಕ್ಕೆ ಹೋಗಿ ಅಂದ್ರಿ. ನಗರದವ್ರು, ಮನೆ ನಮ್ಮದಾದ್ರೂ ಬಾಗಿಲು ಜಿಲ್ಲೆ ಕಡೆಗಿದೆ, ಅಲ್ಲಿಗೇ ಹೋಗಿ ಅಂದ್ರು. ಮೂರು ಸಲ ಅಲೆದ್ಲು. ಮೂರನೇ ಸಲ ವಾಪಸ್ ಬಂದ ದಿನ ಅಳಿಯ ಕೈ ಮುರಿದ. ಈಗ ಅಳಿಯನ ಮನೆ, ಬಾಗಿಲು ಎರಡೂ ನಿಮ್ಮದೇ ಸ್ವಾಮಿ. ಮೊದ್ಲು ಅವಳ ದೂರು ತಗೊಳ್ಳಿ, ಆಮೇಲೆ ನನ್ನನ್ನ ಒಳಗೆ ಹಾಕಿ."

"ಸುಮ್ನಿರಪ್ಪ," ಎಂದಳು ಮಗಳು. "ಅವ್ರಿಗೆ ಸುಮ್ನೆ ಯಾಕೆ ತೊಂದ್ರೆ."

ಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಗಡಿ ಯಾವುದೇ ಇರಲಿ, ದೂರನ್ನು ಯಾವ ಠಾಣೆಯಾದರೂ ಬರೆದುಕೊಳ್ಳಲೇಬೇಕು, ಆಮೇಲೆ ಕಳಿಸಿಕೊಡಬೇಕು. ಆ ನಿಯಮವನ್ನು ಬಾಯಿಪಾಠ ಮಾಡಿಯೇ ಅವರು ಬಡ್ತಿ ಪರೀಕ್ಷೆ ಪಾಸಾಗಿದ್ದರು.

"ಕಲ್ಲು ಸರಿಸಬೇಕಾಗಿರ್ಲಿಲ್ಲ ತಾತ. ಹಾಗೇ ದೂರು ಕೊಡಬಹುದಿತ್ತು."

"ಅವತ್ತು ನೀವು ಇದನ್ನ ಹೇಳ್ಲಿಲ್ಲವಲ್ಲ."

ಸಂಜೆ 4.10ಕ್ಕೆ ಮಗಳ ದೂರು ದಾಖಲಾಯಿತು. 4.30ಕ್ಕೆ ಮೀಸೆಯವನು ಅಳಿಯನನ್ನು ಕರೆತರಲು ಹೊರಟ. 5.05ಕ್ಕೆ ತಾತನ ಬಂಧನ.

ಠಾಣೆಯ ಬರಹಗಾರ ಕೇಸ್ ಡೈರಿ ಬಿಡಿಸಿದ. "ಕೃತ್ಯಕ್ಕೆ ಕಾರಣ ಏನಂತ ಬರೀಲಿ ಸಾರ್?"

"11ರಂದು ಆರೋಪಿಯ ಮಗಳ ದೂರನ್ನು ಈ ಠಾಣೆಯಲ್ಲಿ ಸ್ವೀಕರಿಸಲಿಲ್ಲ."

"ಯಾರು ಸ್ವೀಕರಿಸಲಿಲ್ಲ ಅಂತ..." ಬರಹಗಾರ ಕೇಳುತ್ತಲೇ ನಾಲಿಗೆ ಕಚ್ಚಿಕೊಂಡ.

ಸಾಹೇಬರು ಡೈರಿಯನ್ನು ತಮ್ಮ ಕಡೆ ತಿರುಗಿಸಿಕೊಂಡು, ಪೆನ್ನು ತೆಗೆದುಕೊಂಡು, ತಮ್ಮ ಪೂರ್ತಿ ಹೆಸರನ್ನೂ ಹುದ್ದೆಯನ್ನೂ ಬರೆದರು. ಕೇಸುಗಳ ಬೆಟ್ಟವನ್ನೇ ಎಸೆದ ಆ ಕೈ ಒಂದೊಂದು ಅಕ್ಷರಕ್ಕೂ ನಿಂತು ನಿಂತು ಹೋಯಿತು.

ಬೆಂಚಿನ ಮೇಲಿದ್ದ ತಾತ ಮೆಲ್ಲಗೆ ಹೇಳಿದ: "ಕಲ್ಲು ವಾಪಸ್ ನೆಡೋವಾಗ ಹಳೇ ಗುಂಡೀಲೇ ನೆಡಿಸಿ ಸ್ವಾಮಿ. ಅಲ್ಲಿನ ಇದ್ದಿಲು ನಾನು ಮುಟ್ಟಿಲ್ಲ."

ಸಾಹೇಬರು ತಲೆಯೆತ್ತದೆಯೇ ಅದನ್ನೂ ಡೈರಿಯಲ್ಲಿ ಬರೆದುಕೊಂಡರು.