ಹನ್ನೊಂದನೆಯ ಕ್ಯಾಸೆಟ್

ನಾನು ಕೆಟ್ಟಿದೆ ಎಂದು ವಾಪಸ್ ಕೊಟ್ಟ ಕ್ಯಾಸೆಟ್ಟನ್ನು ಆ ಮನುಷ್ಯ ಮೂರನೇ ವಾರವೂ ಕೊಂಡುಕೊಂಡ.

ಸಿಂಧನೂರಿನ ಸಂತೆ. ಚಾಂದ್‌ಪಾಷಾನ ಗೋಣಿತಟ್ಟಿನ ಮೇಲೆ ಹೈದರಾಬಾದಿನಿಂದ ತಂದ ಹಳೆಯ ಸಾಮಾನು: ಟೇಪ್‌ರೆಕಾರ್ಡರು, ಇಸ್ತ್ರಿಪೆಟ್ಟಿಗೆ, ಸ್ಟೆಬಿಲೈಸರು, ಪಕ್ಕದಲ್ಲೊಂದು ರಟ್ಟಿನ ಡಬ್ಬಿಯ ತುಂಬ ಟಿವಿ ಗೇಮಿನ ಕ್ಯಾಸೆಟ್ಟುಗಳು. ನಾನು ಮಸ್ಕಿಯಿಂದ ಬಸ್ಸು ಹತ್ತಿ ಬರುತ್ತಿದ್ದುದು ಆ ಡಬ್ಬಿಗಾಗಿ. ಅವನೂ ಅದಕ್ಕೇ ಬರುತ್ತಿದ್ದ. ಕಿವಿಯ ಮೇಲೆ ಪೆನ್ಸಿಲು, ಬೆರಳ ತುದಿಗೆ ಬೆಸುಗೆ ಹಾಕಿ ಸುಟ್ಟುಕೊಂಡ ಕಲೆ, ತುಟಿಯ ಮೇಲೆ ಕಾರಣವಿಲ್ಲದ ನಗು. ಕಾರಣವಿಲ್ಲದೆ ನಗುವವರನ್ನು ನಾನು ನಂಬುವುದಿಲ್ಲ.

"ಅದು ಕೆಟ್ಟೈತ್ರಿ," ಎಂದೆ.

"ಇರ್ಲಿ ಬಿಡ್ರಿ."

"ಕೆಟ್ಟಿದ್ದು ಅಂತ ಗೊತ್ತಿದ್ದೂ ಯಾಕ ತಗೋತೀರಿ?"

ಅವನು ಕ್ಯಾಸೆಟ್ಟನ್ನು ಚೀಲಕ್ಕೆ ಹಾಕಿದ. ಆಮೇಲೆ ನನ್ನನ್ನು ನೋಡಿದ. ಸುಮ್ಮನೆ ಅಲ್ಲ, ಬಳೆಯಂಗಡಿಯವರು ಮುಂಗೈ ಅಳತೆ ನೋಡುವ ಹಾಗೆ, ನಿಧಾನವಾಗಿ, ಒಂದೇ ಸಲ. "ನನಗ ಕೆಟ್ಟಿದ್ದ ಸೇರ್ತಾವ್ರಿ," ಎಂದ.

ಕೆನ್ನೆ ಬಿಸಿಯಾಯಿತು. ಬಿಸಿಲಿಗೆ ಇರಬೇಕು ಅಂದುಕೊಂಡೆ.

ನಂಬಿಕೆ ಎನ್ನುವುದು ನನ್ನ ಜಾಯಮಾನದಲ್ಲೇ ಇಲ್ಲ. ಹಾಲಿನವಳು ಎದುರಿಗೆ ಕೂತಿದ್ದರೂ ಹಾಲಿಗೆ ಬೆರಳದ್ದಿ ನೋಡುವವಳು ನಾನು. ಕಂಡಕ್ಟರ್ ಕೊಟ್ಟ ಟಿಕೆಟ್ಟಿನ ತಾರೀಖು ಓದುವವಳು. ಇಂಥ ಆದೆಮ್ಮ ನಾನು, ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ, ಯಾರೋ ಬಳಸಿ ಬಿಟ್ಟ ಸಾಮಾನನ್ನು ನಂಬಿ ನಡೆಸುವ ವ್ಯಾಪಾರಕ್ಕೆ ಇಳಿದಿದ್ದೆ. ಮನೆಯ ಮುಂದಿನ ಖೋಲಿಯಲ್ಲಿ ಒಂದು ಟಿವಿ, ಒಂದು ಗೇಮ್ ಮಷೀನು. ಮಕ್ಕಳು ಬಂದು ತಾಸಿನ ಲೆಕ್ಕದಲ್ಲಿ ಆಡಿ ಹೋಗುವುದು. ಮಷೀನು ಬಳಗಾನೂರಿನ ಅಕ್ಕಿಗಿರಣಿಯವರ ಮನೆಯಲ್ಲಿ ಮೂಲೆಗೆ ಬಿದ್ದದ್ದು. ಅದರ ಬಾಯಿಯೊಳಗೇ ಒಂದು ಕ್ಯಾಸೆಟ್ಟು ಹಾಕಿದ್ದು ಹಾಕಿದಂತೆ ಉಳಿದಿತ್ತು. ಒಂಬೈನೂರ ತೊಂಬತ್ತೊಂಬತ್ತು ಆಟ ಎಂದು ಅದರ ಮೇಲೆ ಬರೆದಿತ್ತು. ಕೂತು ಎಣಿಸಿದೆ, ಇದ್ದದ್ದು ಏಳು. ಉಳಿದವು ಅವೇ ಏಳಕ್ಕೆ ಬೇರೆ ಬೇರೆ ಹೆಸರು.

ಮಕ್ಕಳಿಗೆ ಎರಡು ತಿಂಗಳಲ್ಲಿ ಬೇಸರ ಬಂತು. ಅವರಿಗೆ ಬೇಕಾದದ್ದು ಅಣ್ಣಂದಿರು ಆಡಿದ ಹಳೆಯ ಆಟಗಳು, ಒಂದು ಕ್ಯಾಸೆಟ್ಟಿಗೆ ಒಂದೇ ಆಟ ಇದ್ದಂಥವು: ಟ್ಯಾಂಕಿನದು, ಬೈಕಿನದು, ಸರ್ಕಸ್ಸಿನದು. ಅವು ಹೊಸದಾಗಿ ಎಲ್ಲೂ ಸಿಗುತ್ತಿರಲಿಲ್ಲ. ಚಾಂದ್‌ಪಾಷಾನ ಡಬ್ಬಿಯಲ್ಲಿ ಮಾತ್ರ ಸಿಗುತ್ತಿದ್ದವು.

ಖಾನಾವಳಿಗೆ ರೊಟ್ಟಿ ಬಡಿಯುವ ನನ್ನವ್ವ ಮಾರೆಮ್ಮ ಒಂದು ಗಡುವು ಹಾಕಿದ್ದಳು. "ಬ್ಯಾಸಗಿ ಸೂಟಿ ಬರೂದರಾಗ ನಿನ್ನ ಆಟ ಓಡಬೇಕು. ಓಡಲಿಲ್ಲಂದ್ರ ಟಿವಿ ಮಾರೂದು, ಸಂತೆಕಲ್ಲೂರಿಗೆ ಹ್ಞೂ ಅನ್ನೂದು." ಸಂತೆಕಲ್ಲೂರು ಅಂದರೆ ನನ್ನ ಸೋದರಮಾವನ ಮಗ. ಕೆಟ್ಟವನಲ್ಲ. ಆದರೆ ಅವನನ್ನು ನೋಡಿದಾಗ ನನಗೆ ಸಂಶಯ ಕೂಡ ಬರುತ್ತಿರಲಿಲ್ಲ, ಅಷ್ಟು ಸಪ್ಪೆ.

ಸಂತೆಯಲ್ಲಿ ಕರೆಂಟಿಲ್ಲ. ಕ್ಯಾಸೆಟ್ಟು ನಡೆಯುತ್ತದೋ ಇಲ್ಲವೋ ಮನೆಗೆ ಒಯ್ದೇ ನೋಡಬೇಕು. ಅದಕ್ಕೆ ಚಾಂದ್‌ಪಾಷಾ ಒಂದು ಪದ್ಧತಿ ಮಾಡಿದ್ದ. ಬಿಚ್ಚಿದರೆ ಗೊತ್ತಾಗಲೆಂದು ಅವನು ಕ್ಯಾಸೆಟ್ಟಿನ ಹಿಂದಿನ ಸ್ಕ್ರೂವಿನ ತಲೆಯ ಮೇಲೆ ಕೆಂಪು ನೇಲ್‌ಪಾಲಿಶಿನ ಒಂದು ಹನಿ ಇಡುತ್ತಿದ್ದ. ಕೊಳ್ಳುವವರು ತಮ್ಮದೊಂದು ಗುರುತು ಕೊರೆಯಬೇಕು. ನನ್ನದು ಪಿನ್ನಿನಿಂದ ಮೂರು ಗೀರು. ನಡೆಯದಿದ್ದರೆ ಮುಂದಿನ ಸಂತೆಗೆ ಬಂದು, ಹನಿಯೂ ಗೀರೂ ಹಾಗೇ ಇದ್ದರೆ, ಬೇರೆ ಕ್ಯಾಸೆಟ್ಟು ಒಯ್ಯಬಹುದು.

ನಾನು ವಾರಕ್ಕೊಂದು ಒಯ್ದೆ. ವಾರಕ್ಕೊಂದು ವಾಪಸ್ ತಂದೆ. ಧೂಳು ಹೋಗಲೆಂದು ಬಾಯಿ ನೋಯುವಷ್ಟು ಊದಿದರೂ ಟಿವಿಯ ತುಂಬ ಬರೀ ಬೂದು. ನಾನು ತಂದುಕೊಟ್ಟಿದ್ದನ್ನು ಆ ನಗುವ ಮನುಷ್ಯ ಎತ್ತಿಕೊಳ್ಳುವುದು. ಲಿಂಗಸುಗೂರಿನ ಗ್ಯಾನಪ್ಪ, ಟಿವಿ ರಿಪೇರಿ ಅಂಗಡಿಯವನು ಎಂದು ತಿಳಿಯಿತು. ಚಾಂದ್‌ಪಾಷಾನೂ ಇವನೂ ಒಳಗೊಳಗೇ ಒಂದಾಗಿದ್ದಾರೆ, ಬೇಕೆಂದೇ ಕೆಟ್ಟವನ್ನು ನನ್ನ ಕೈಗೆ ಹಚ್ಚುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

ಆರನೇ ವಾರ ಮರಳುವಾಗ ಬಸ್ಸಿನಲ್ಲಿ ಗ್ಯಾನಪ್ಪನೇ ಇದ್ದ. ಲಿಂಗಸುಗೂರಿಗೆ ಹೋಗುವ ಬಸ್ಸು ಮಸ್ಕಿಯ ಮೇಲೆಯೇ ಹೋಗಬೇಕಲ್ಲ. ಎದ್ದು ನಿಂತು ಜಾಗ ಬಿಟ್ಟ.

"ಈ ಕಡಿ ಕೂಡ್ರಿ. ಆ ಕಡಿ ಬಿಸಲು ಬಡಿತೈತಿ."

ಇಷ್ಟು ಒಳ್ಳೆಯತನ ಯಾಕೆ? ನಾನು ಆ ಕಡೆಯೇ ಕೂತೆ. ಊರು ದಾಟಿದ್ದೇ ಬಿಸಿಲು ಮುಖಕ್ಕೆ ಬಡಿಯತೊಡಗಿತು. ಸೆರಗು ಎಳೆದುಕೊಂಡೆ, ಚೀಲ ಅಡ್ಡ ಹಿಡಿದೆ, ಆದರೆ ಎದ್ದು ಹೋಗುವಷ್ಟು ಸೋಲು ನನಗೆ ಬೇಡವಾಗಿತ್ತು. ಸ್ವಲ್ಪ ಹೊತ್ತಿಗೆ ಅವನೇ ಬಂದು ನನ್ನ ಸೀಟಿನ ಪಕ್ಕ ಕಿಟಕಿಯ ಮೇಲಿನ ಕಂಬಿ ಹಿಡಿದು ನಿಂತ. ಚೀಲಕ್ಕೆ ಕಣ್ಣು ಹಾಕಿದ್ದಾನೆ ಎಂದು ಅದನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡೆ. ಅರ್ಧ ದಾರಿ ಮುಗಿದ ಮೇಲೆ ಮುಖಕ್ಕೆ ಬಿಸಿಲು ಬೀಳುತ್ತಿಲ್ಲ ಎಂದು ಗೊತ್ತಾಯಿತು. ಅವನ ತೋಳಿನ ನೆರಳು ನನ್ನ ಮೇಲಿತ್ತು.

"ನಿಮ್ಮ ಮನ್ಯಾಗ ಮಷೀನು ಯಾವುದೈತ್ರಿ?" ಎಂದು ಮೆಲ್ಲಗೆ ಕೇಳಿದ.

"ನಿಮಗ್ಯಾಕ ಅದು?"

ಅವನು ಕಿಟಕಿಯಾಚೆ ನೋಡಿದ. ಮಸ್ಕಿ ಬರುವವರೆಗೂ ಕಂಬಿ ಬಿಡಲಿಲ್ಲ. ಇಳಿಯುವಾಗ ಥ್ಯಾಂಕ್ಸ್ ಹೇಳಬೇಕೆನಿಸಿತು, ಹೇಳಲಿಲ್ಲ. ಮನೆಗೆ ಹೋಗಿ ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ಅವ್ವ ಯಾಕೆ ಎಂದು ಕೇಳಿದಳು. ಕಣ್ಣಿಗೆ ಧೂಳು ಬಿದ್ದಿದೆ ಎಂದೆ.

ಅಲ್ಲಿಂದ ಮುಂದೆ ಸಂತೆಯ ದಿನ ಬೆಳಿಗ್ಗೆ ಯಾವ ಸೀರೆ ಉಡುವುದು ಎಂದು ಯೋಚಿಸುವ ಹೊಸ ರೋಗ ಅಂಟಿತು. ಕಳ್ಳನನ್ನು ನೋಡಲು ಹೋಗುವುದಕ್ಕೆ ಒಳ್ಳೆಯ ಸೀರೆ ಯಾಕೆ ಎಂದು ನನ್ನನ್ನು ನಾನೇ ಬೈದುಕೊಂಡು, ಒಳ್ಳೆಯದನ್ನೇ ಉಟ್ಟು ಹೋಗುತ್ತಿದ್ದೆ. ಇಬ್ಬರ ಕೈಯೂ ಒಂದೇ ಡಬ್ಬಿಯಲ್ಲಿ. ಒಮ್ಮೆ ಟ್ಯಾಂಕಿನ ಕ್ಯಾಸೆಟ್ಟನ್ನು ಒಟ್ಟಿಗೆ ಹಿಡಿದೆವು.

"ನಾ ಮೊದಲ ಹಿಡದೀನಿ," ಎಂದೆ.

"ನೀವು ಕಣ್ಣಿಂದ ಹಿಡದೀರಿ. ಕೈಯಿಂದ ನಾ ಹಿಡದೀನಿ."

"ಹಂಗಾದ್ರ ನೀವ ಒಯ್ರಿ."

"ಬ್ಯಾಡ್ರಿ. ನೀವು ಒಯ್ರಿ. ಮುಂದಿನ ವಾರ ನನ್ನ ಕಡಿ ಬಂದ ಬರ್ತೈತಿ." ಹೇಳಿ, ಬಾಯಿತಪ್ಪಿ ಆಡಿದವನಂತೆ ತಲೆ ತಗ್ಗಿಸಿದ.

ಇದು ನಡೆಯುವುದಿಲ್ಲ ಎಂದು ಇವನಿಗೆ ಮೊದಲೇ ಹೇಗೆ ಗೊತ್ತು? ಆ ವಾರವೆಲ್ಲ ನನಗೆ ಅದೇ ಯೋಚನೆ. ಮನೆಯಲ್ಲಿ ಹಾಕಿ ನೋಡಿದರೆ ಅವನು ಹೇಳಿದ ಹಾಗೆಯೇ ಟಿವಿಯ ತುಂಬ ಬೂದು.

ಆ ಟ್ಯಾಂಕಿನದು ಹನ್ನೊಂದನೆಯದು. ಅದನ್ನು ವಾಪಸ್ ಒಯ್ದ ದಿನ ಗ್ಯಾನಪ್ಪ ಸಂತೆಗೆ ಬಂದಿರಲಿಲ್ಲ. ಚಾಂದ್‌ಪಾಷಾ ಕ್ಯಾಸೆಟ್ಟನ್ನು ತಿರುವಿ ತಿರುವಿ ನೋಡಿ ನನ್ನ ಕೈಗೇ ಇಟ್ಟ.

"ಇನ್ನ ನಿನ್ನ ವಾಪಸಿ ತಗೊಳ್ಳಂಗಿಲ್ಲ ಬೇಟಿ. ಹನ್ನೊಂದಕ್ಕ ಹನ್ನೊಂದೂ ಕೆಟ್ಟಿದ್ದು ಯಾರಿಗೂ ಬರಂಗಿಲ್ಲ. ಬಿಚ್ಚಿ ಒಳಗಿಂದು ಬದಲಿ ಮಾಡಿ ತರತೀಯೇನೋ ಅಂತ ನನಗ ಶಕ್ ಐತಿ."

"ನಿನ್ನ ನೇಲ್‌ಪಾಲಿಶ್ ಹಂಗ ಐತಿ ನೋಡು ಚಾಚಾ."

"ನೇಲ್‌ಪಾಲಿಶ್ ಎಲ್ಲಾರ ಮನ್ಯಾಗೂ ಇರ್ತೈತವ್ವ."

ಜಗತ್ತನ್ನೆಲ್ಲ ಸಂಶಯದಿಂದ ನೋಡಿದವಳಿಗೆ ಬೇರೆಯವರ ಸಂಶಯ ಹೇಗಿರುತ್ತದೆ ಎಂದು ಅವತ್ತು ಗೊತ್ತಾಯಿತು. ಕಣ್ಣು ತುಂಬಿ ಬಂತು. ಬೇಸಿಗೆ ರಜೆಗೆ ಇನ್ನು ಹದಿನೈದು ದಿನ. ನಾನು ಬಸ್ಸು ಹತ್ತಿದೆ. ಮಸ್ಕಿ ಬಂತು, ಇಳಿಯಲಿಲ್ಲ.

ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಅವನ ಅಂಗಡಿ. ಕ್ರಿಕೆಟ್ ಮ್ಯಾಚಿನ ದಿನ, ಒಳಗೆ ಕೆಟ್ಟ ಟಿವಿಗಳ ರಾಶಿ. ಗೋಡೆಯ ಹಲಗೆಯ ಮೇಲೆ ಹತ್ತು ಕ್ಯಾಸೆಟ್ಟುಗಳು ಸಾಲಾಗಿ ನಿಂತಿದ್ದವು. ಹತ್ತಕ್ಕೂ ನನ್ನ ಮೂರು ಗೀರು. ಹತ್ತಕ್ಕೂ ಸ್ಕ್ರೂವಿನ ಮೇಲೆ ಕೆಂಪು ಹನಿ, ಇಟ್ಟದ್ದು ಇಟ್ಟ ಹಾಗೆ.

ನನ್ನನ್ನು ಕಂಡದ್ದೇ ಅವನು ಎದ್ದು ನಿಂತ. ನಾನು ಟ್ಯಾಂಕಿನ ಕ್ಯಾಸೆಟ್ಟು ಮುಂದೆ ಚಾಚಿದೆ. ಅವನು ತೆಗೆದುಕೊಂಡು ತನ್ನ ಮಷೀನಿಗೆ ಹಾಕಿದ. ಊದಲೂ ಇಲ್ಲ. ಟಿವಿಯ ಮೇಲೆ ಹಸಿರು ಟ್ಯಾಂಕು ಬಂದು ನಿಂತಿತು.

"ಇದು ಚಲೋ ಐತಿ," ಎಂದೆ.

"ಎಲ್ಲಾ ಚಲೋ ಅದಾವ್ರಿ. ಕೆಟ್ಟಿದ್ದು ನಿಮ್ಮ ಮಷೀನು. ಅದರ ಬಾಯಾಗ ಒಂದ ಕ್ಯಾಸೆಟ್ಟು ವರ್ಷಗಟ್ಟಲೆ ಇದ್ದಿರಬೇಕು. ಈಗಿನ ಹೊಸ ನಮೂನಿ ಕ್ಯಾಸೆಟ್ಟಿನ ಒಳಗಿನ ಪ್ಲೇಟು ದಪ್ಪ, ಪಿನ್ನು ಅಗಲ ಆಗಿ ಹೋಗ್ಯಾವು. ಹಳೇವು ತೆಳ್ಳಗ, ಪಿನ್ನಿಗೆ ತಾಕಂಗಿಲ್ಲ."

ಜಗತ್ತಿನಲ್ಲಿ ನಾನು ಸಂಶಯಪಡದೆ ಬಿಟ್ಟದ್ದು ಒಂದೇ ಒಂದು, ನನ್ನ ಮನೆಯ ಮಷೀನು. ಏಳು ಆಟ ಆಡಿಸುತ್ತಿತ್ತಲ್ಲ ಎಂದು ಸುಮ್ಮನಿದ್ದೆ.

"ನಿಮಗ ಯಾವಾಗಿಂದ ಗೊತ್ತು?"

"ಮೂರನೇದು ಹಾಕಿದಾಗ ಗೊತ್ತಾತು."

"ಅಲ್ಲಿಂದ ಬಾಯಿ ಹೊಲಕೊಂಡು ಕುಂತಿದ್ರಿ."

"ಬಸ್ಸಿನ್ಯಾಗ ಒಮ್ಮೆ ಕೇಳಿದ್ನಿ. ನಿಮಗ್ಯಾಕ ಅಂದ್ರಿ." ಅವನು ಕಿವಿಯ ಮೇಲಿನ ಪೆನ್ಸಿಲು ತೆಗೆದು ಮೇಜಿನ ಮೇಲಿಟ್ಟ. "ಅದು ನೆಪ್ರಿ. ಮತ್ತೊಮ್ಮೆ ಕೇಳಬಹುದಿತ್ತು. ಮಷೀನು ಚಲೋ ಆದ್ರ ನೀವು ವಾರ ವಾರ ಸಂತಿಗೆ ಬರೂದು ನಿಂತು ಹೋಗ್ತಿತ್ತು. ಅದಕ್ಕ ಹೇಳಲಿಲ್ಲ."

ನನ್ನ ಸಂಶಯ ನಿಜವಾಗಿತ್ತು. ಖುಷಿಪಡಬೇಕಾದ ಗಳಿಗೆ. ಆದರೆ ಎದೆಯೊಳಗೆ ಸಿಟ್ಟು ಒಂದು ಕಡೆ, ಇನ್ನೊಂದು ಏನೋ ಇನ್ನೊಂದು ಕಡೆ ಎಳೆಯುತ್ತಿತ್ತು.

"ನಿಮ್ಮ ಸಲುವಾಗಿ ಚಾಂದ್‌ಪಾಷಾ ಇವತ್ತು ನನಗ ಕಳ್ಳಿ ಅಂದ. ಸೂಟಿಯೊಳಗ ಆಟ ಓಡಲಿಲ್ಲಂದ್ರ ನನ್ನ ಸಂತೆಕಲ್ಲೂರಿಗೆ ಕೊಡ್ತಾರ. ನನ್ನ ನೋಡಬೇಕಂತ ನನ್ನ ಜೀವನಾನ ಹಾಳ ಮಾಡಿದ್ರಿ."

ಅವನು ಕುರ್ಚಿ ಹಿಡಿದು ಕೂತ. ತಪ್ಪಾಯಿತು ಎನ್ನಲಿಲ್ಲ. ಆ ಮಾತು ಸಾಲದು ಎಂದು ಅವನಿಗೂ ಗೊತ್ತಿತ್ತೇನೋ. ಎದ್ದು ಟಿವಿ ಆರಿಸಿದ, ಹನ್ನೊಂದೂ ಕ್ಯಾಸೆಟ್ಟನ್ನು ಚೀಲಕ್ಕೆ ತುಂಬಿದ, ಮ್ಯಾಚಿನ ದಿನ ಗಿರಾಕಿ ಬಾಗಿಲಲ್ಲಿ ನಿಂತಿದ್ದಂತೆಯೇ ಅಂಗಡಿಯ ಷಟರ್ ಎಳೆದ.

"ನಡೀರಿ. ಚಾಂದ್‌ಪಾಷಾಗ ಮುಂದಿನ ಸಂತ್ಯಾಗ ನಾನ ಹೇಳ್ತೀನಿ. ಇವತ್ತು ಮಷೀನು ನೋಡೋಣು."

ಮಧ್ಯಾಹ್ನ ನಮ್ಮ ಖೋಲಿಯಲ್ಲಿ ಕೂತು ಅವನು ಮಷೀನು ಬಿಚ್ಚಿದ. ಅವ್ವನ ಹತ್ತಿರ ಒಂದು ಸೂಜಿ ಕೇಳಿದ. ಅರವತ್ತು ಪಿನ್ನು, ಒಂದೊಂದನ್ನೇ ಸೂಜಿಯ ತುದಿಯಿಂದ ಎತ್ತಿ ಒಳಗೆ ಬಾಗಿಸಿದ, ಉಸಿರು ಬಿಗಿಹಿಡಿದು. ಅವ್ವ ರೊಟ್ಟಿ ಬಡಿಯುತ್ತ ಅವನನ್ನೇ ನೋಡುತ್ತಿದ್ದಳು. ಯಾವೂರು, ಯಾರ ಮಗ ಎಂದೆಲ್ಲ ಕೇಳಿದಳು. ಅವನು ಎಲ್ಲಕ್ಕೂ ಉತ್ತರ ಕೊಟ್ಟು, ಕೊನೆಗೆ ಯಾರೂ ಕೇಳದೆ ಇದ್ದದ್ದನ್ನೂ ಹೇಳಿದ. "ಇದು ಕೆಟ್ಟೈತಿ ಅಂತ ನನಗ ಎರಡು ತಿಂಗಳಿಂದ ಗೊತ್ತಿತ್ರಿ ಯವ್ವ. ಹೇಳಲಿಲ್ಲ. ತಪ್ಪು ನಂದು."

ಅವ್ವನ ಕೈ ನಿಂತಿತು. ನನ್ನ ಮುಖ ನೋಡಿದಳು, ಮತ್ತೆ ರೊಟ್ಟಿ ಬಡಿಯತೊಡಗಿದಳು.

ಹನ್ನೊಂದೂ ಕ್ಯಾಸೆಟ್ಟು ಹಾಕಿ ನೋಡಿದೆ. ಹನ್ನೊಂದೂ ನಡೆದವು. ಆಗ ಹೊಸ ಸಂಶಯ ಬಂತು: ಮತ್ತೆ ಬರಲು ಇವನು ಎಲ್ಲೋ ಒಂದು ಕಡೆ ಏನನ್ನೋ ಸಡಿಲ ಬಿಟ್ಟಿರುತ್ತಾನೆ. ಮಷೀನು ಅಲುಗಾಡಿಸಿದೆ. ವೈರು ಜಗ್ಗಿದೆ. ತಾಸುಗಟ್ಟಲೆ ಚಾಲೂ ಇಟ್ಟೆ. ಕ್ಯಾಸೆಟ್ಟುಗಳನ್ನು ಹಿಂದು ಮುಂದು ಮಾಡಿ ಮತ್ತೆ ಹಾಕಿದೆ.

"ಏನು ಹುಡಕಾಕತ್ತೀರಿ?" ಎಂದ ಅವನು.

"ಏನು ಬಿಟ್ಟೀರಿ ಅಂತ."

"ಏನೂ ಬಿಟ್ಟಿಲ್ರಿ. ಐದು ವರ್ಷ ಕೆಡಂಗಿಲ್ಲ." ಚೀಲ ಕೊಡವಿ ಹೆಗಲಿಗೆ ಹಾಕಿಕೊಂಡ. "ಕ್ಯಾಸೆಟ್ಟು ನಿಮ್ಮವ. ಬರ್ತೀನಿ."

ನಿಜಕ್ಕೂ ಏನನ್ನೂ ಬಿಟ್ಟಿರಲಿಲ್ಲ. ನಮ್ಮ ಬಾಗಿಲಿಗೆ ಮತ್ತೆ ಬರಲು ತನಗಿದ್ದ ಕಾರಣಗಳನ್ನೆಲ್ಲ ತನ್ನ ಕೈಯಾರೆ ಸರಿಮಾಡಿ ಹೊರಟಿದ್ದ. ಅವನು ಚಪ್ಪಲಿ ಮೆಟ್ಟುವುದನ್ನು ನೋಡುತ್ತ ನಿಂತೆ. ಒಂದೇ ಒಂದು ಪಿನ್ನಾದರೂ ಸಡಿಲ ಇರಬಾರದಿತ್ತೇ ಎಂದು ಅಳು ಬರುವಷ್ಟು ಆಸೆಯಾಯಿತು.

ಒಳಗಿನಿಂದ ಅವ್ವ ಕೇಳಿದಳು. "ಸಂತೆಕಲ್ಲೂರಿಗೆ ಏನು ಹೇಳಿ ಕಳಸ್ಲಿ? ಆಟ ಓಡಾಕತ್ತೈತಿ ಅಂತ ಹೇಳ್ಲ್ಯಾ?"

ಹೊಸ್ತಿಲಾಚೆ ಅವನು ನಿಂತ.

"ಅದು ಬ್ಯಾಡ ಬೇ," ಎಂದೆ. "ನಮ್ಮ ಹುಡುಗಿ ಒಬ್ಬರನ್ನ ನೋಡಿಕೊಂಡಾಳ ಅಂತ ಹೇಳು."

ರೊಟ್ಟಿಯ ಸದ್ದು ನಿಂತಿತು. "ಸರೀ ನೋಡೀಯೇನ?"

ನಾನು ಅವನ ಮುಖವನ್ನೇ ನೋಡುತ್ತ ಹೇಳಿದೆ. "ಮಧ್ಯಾಹ್ನದಿಂದ ನೋಡಾಕತ್ತೀನಿ. ಮಾಡಿದ ತಪ್ಪು ತಾನ ಹೇಳ್ಯಾನ. ಇನ್ನೊಂದು ಎಷ್ಟು ಹುಡಕಿದ್ರೂ ಸಿಗವಲ್ದು ಬೇ."

ಅವನು ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದ.