ಕುಣಿಗಲ್ ಅಂಬಾಸಡರ್‌ನ ಸೌಂಡು

"ಮಾರಲ್ಲ ಅಂದ್ರೆ ಮಾರಲ್ಲ ಕಣ್ರೀ!"

ಕೌಂಟರಿನ ಮೇಲಿದ್ದ ಕ್ರೌನನ್ನು, ಆ ದೊಡ್ಡ ಹಲ್ಲಿನ ಚಕ್ರವನ್ನು, ತಹಸೀನ್ ಎರಡೂ ಕೈಯಿಂದ ತನ್ನ ಕಡೆಗೆ ಎಳೆದುಕೊಂಡಳು. ಆ ಕಡೆಯಿಂದ ಅದನ್ನೇ ಹಿಡಿದು ನಿಂತಿದ್ದ ಯುವಕನೂ ಬಿಡಲಿಲ್ಲ. ಇಬ್ಬರ ಕೈಗೂ ಗ್ರೀಸು ಮೆತ್ತಿತು.

"ದುಡ್ಡು ಕೊಡ್ತೀನಿ ಅಂತಿದೀನಲ್ರೀ! ಅಂಗಡಿ ತೆಗ್ದು ಕೂತ್ಕೊಂಡು ಮಾರಲ್ಲ ಅಂದ್ರೆ ಏನರ್ಥ?"

"ನಿಮ್ಮ ಗಾಡಿಗೆ ಇದು ಆಗಲ್ಲ ಅಂತ ಅರ್ಥ. ಬಿಡಿ ಕೈ!"

ಅವನು ಆಗ ಮೊದಲ ಸಲ ತಲೆಯೆತ್ತಿ ಅವಳ ಮುಖ ನೋಡಿದ. ಕೋಪಕ್ಕೆ ಕೆಂಪಾದ ಮೂಗು, ಜಾರುತ್ತಿದ್ದ ದುಪಟ್ಟಾ, ಕೆನ್ನೆಯ ಮೇಲೊಂದು ಗ್ರೀಸಿನ ಗೆರೆ...

ಕೈ ತಾನಾಗಿ ಸಡಿಲವಾಯಿತು. ಅಲ್ಲಿಗೆ ಮುಗಿಯಿತು ಪುಣ್ಯಾತ್ಮನ ಕಥೆ!

ಇದು ತುಮಕೂರಿನ ಗುಬ್ಬಿ ಗೇಟಿನಲ್ಲಿ ಎರಡು ಸಾವಿರದ ಮೂರರಲ್ಲಿ ನಡೆದದ್ದು. ಮುಖ್ತಾರ್ ಅಹಮದ್ ಅವರ ಹಳೆ ಸ್ಪೇರ್ ಪಾರ್ಟ್ಸ್ ಅಂಗಡಿ ಎಂದರೆ ಸುತ್ತಲಿನ ಗ್ಯಾರೇಜಿನವರಿಗೆಲ್ಲ ಗೊತ್ತು. ಸಾಹೇಬರ ಸೊಂಟ ಹಿಡಿದುಕೊಂಡ ಮೇಲೆ ಕೌಂಟರಿನಲ್ಲಿ ಕೂತಿದ್ದು ಮಗಳು ತಹಸೀನ್. "ಹೆಣ್ಣುಮಗು ಗೇರ್ ಬಾಕ್ಸ್ ಮಾರೋದಾ? ನಮ್ಮ ಅರ್ಫಾತ್ ಇದಾನಲ್ಲ!" ಎಂದು ಅರ್ಫಾತ್‌ನ ಅಪ್ಪ, ಅವಳ ಚಾಚಾ, ಅಂದೇ ಗೊಣಗಿದ್ದರು. ಅಬ್ಬಾ ಮಾತ್ರ, "ಸ್ವಲ್ಪ ದಿನ ನೋಡೋಣ" ಎಂದಿದ್ದರು.

ಆ 'ಸ್ವಲ್ಪ ದಿನ'ದ ಮೇಲೆಯೇ ಅವಳ ಬದುಕು ನಿಂತಿತ್ತು. ಎಂಟು ವರ್ಷದವಳಿದ್ದಾಗಿನಿಂದ ಅಬ್ಬಾನ ಪಕ್ಕ ಕೂತು ಹಲ್ಲಿನ ಚಕ್ರಗಳನ್ನು ಎಣಿಸುತ್ತಾ ಬೆಳೆದ ಹುಡುಗಿ ಅವಳು. ಆ ಕುರ್ಚಿ ಬಿಟ್ಟರೆ ಅವಳಿಗೆ ಬೇರೆ ಆಸೆಯೇ ಇರಲಿಲ್ಲ.

ಯುವಕನ ಹೆಸರು ಯಾಸಿರ್. ಕುಣಿಗಲ್‌ನಲ್ಲಿ ಹತ್ತಿ ಹಾಸಿಗೆ ಅಂಗಡಿ. ತಾತನ ಕಾಲದ ಅಂಬಾಸಡರ್ ಪೆಟ್ರೋಲ್ ಕುಡಿಯುತ್ತೆ ಅಂತ ಅದಕ್ಕೆ ಡೀಸೆಲ್ ಎಂಜಿನ್ ಕೂರಿಸಲು ಹೊರಟಿದ್ದ. ಎಂಜಿನ್ ಸಿಕ್ಕಿತ್ತು. ಇನ್ನು ಗೇರ್ ಬಾಕ್ಸ್ ಬೇಕು, ಹಿಂದಿನ ಚಕ್ರಗಳ ನಡುವೆ ಡಿಫರೆನ್ಷಿಯಲ್ ಒಳಗೆ ಕೂರುವ ಕ್ರೌನ್ ಬೇಕು.

"ಹತ್ತು–ನಲವತ್ಮೂರು ಹಲ್ಲಿನ ಸ್ಪೀಡ್ ಕ್ರೌನ್ ಅಂತಾರೆ ಕಣ್ರೀ ಎಲ್ಲಾರೂ. ಹೈವೇಲಿ ಕ್ವಾಲಿಸ್‌ನೇ ಹಿಂದೆ ಹಾಕ್ಬೋದಂತೆ!"

"ಗಾಡೀಲಿ ಎಷ್ಟು ಜನ ಕೂರ್ತಾರೆ?"

"ಅಜ್ಜಿ, ಅದೇ ನಮ್ಮ ದಾದಿ, ಅಕ್ಕ, ಭಾವ, ಮಕ್ಳು... ಮೇಲೆ ಕ್ಯಾರಿಯರಲ್ಲಿ ಹಾಸಿಗೆ."

"ಎಲ್ಲೆಲ್ಲಿ ಓಡುತ್ತೆ?"

"ಕುಣಿಗಲ್, ತುಮಕೂರು. ಮಾರ್ಕೋನಹಳ್ಳಿ ಕಡೆ ಹಳ್ಳಿಗಳಿಗೂ ಹಾಸಿಗೆ ಕೊಡೋಕ್ ಹೋಗ್ತೀನಿ."

ತಹಸೀನ್ ಹಣೆ ಚಚ್ಚಿಕೊಂಡಳು. "ಅಷ್ಟು ಲೋಡ್ ಹಾಕ್ಕೊಂಡು ಏರಲ್ಲಿ ನಿಲ್ಸಿ ಮತ್ತೆ ಎತ್ತಿದ್ರೆ ಕ್ಲಚ್ ಸುಟ್ಟೋಗುತ್ತೆ! ಕ್ವಾಲಿಸ್ ಹಿಂದೆ ಹಾಕೋದಿರ್ಲಿ, ಎತ್ತಿನಗಾಡಿ ನಿಮ್ಮನ್ನ ಹಿಂದೆ ಹಾಕುತ್ತೆ."

"ಹಂಗಾದ್ರೆ ಹಳೇ ಕ್ರೌನೇ ಇರ್ಲಾ?"

"ಅದು ಎಂಟು–ಮೂವತ್ತೊಂಬತ್ತು. ಡೀಸೆಲ್ ಎಂಜಿನ್ ಪೆಟ್ರೋಲ್ ಥರ ಜೋರಾಗಿ ತಿರ್ಗಲ್ಲ. ಅರವತ್ತಕ್ಕೇ ಕಿರುಚ್ಕೊಳ್ಳುತ್ತೆ. ಒಂಬತ್ತು–ನಲವತ್ತೊಂದು ಹಾಕ್ಸಿ, ಜೊತೆಗೆ ಐದು ಗೇರಿನ ಬಾಕ್ಸ್. ಏರಿಗೆ ಕ್ರೌನ್ ಎಳೆಯುತ್ತೆ, ಹೈವೇಗೆ ಐದನೇ ಗೇರ್ ಇರುತ್ತೆ."

"ಸ್ಟೀರಿಂಗ್ ಪಕ್ಕದ ಹ್ಯಾಂಡ್ ಗೇರ್ ಹೋಗುತ್ತಾ? ದಾದಿ ಬಯ್ತಾರೆ ಕಣ್ರೀ..."

"ದಾದಿ ಗಾಡಿ ಓಡಿಸ್ತಾರಾ?"

"ಇಲ್ಲ. ಬಯ್ತಾರೆ ಅಷ್ಟೆ."

ತಹಸೀನ್ ನಕ್ಕುಬಿಟ್ಟಳು! ಮನೆಮಾತು ಇಬ್ಬರದೂ ಉರ್ದುವೇ ಆದರೂ ಗುಬ್ಬಿ ಗೇಟಿನ ಸಾಲಿನಲ್ಲಿ ವ್ಯಾಪಾರ, ಜಗಳ ಎರಡೂ ಕನ್ನಡದಲ್ಲೇ. ಪ್ರೀತಿಯೂ ಕನ್ನಡದಲ್ಲೇ ಶುರುವಾಯಿತು ನೋಡಿ, ಅವನ ಕಡೆಯಿಂದ.

ಕುಣಿಗಲ್‌ನ ಮೇಸ್ತ್ರಿ ಸಿದ್ದಗಂಗಯ್ಯ ಎಲ್ಲವನ್ನೂ ಜೋಡಿಸಿದರು. ಮುಂದಿನ ಶುಕ್ರವಾರ ಜುಮ್ಮಾ ನಮಾಜು ಮುಗಿಸಿಕೊಂಡು ಯಾಸಿರ್ ಅಂಗಡಿ ಮುಂದೆ ಗಾಡಿ ನಿಲ್ಲಿಸಿದ.

"ಸ್ವಲ್ಪ ಸೌಂಡ್ ಬರ್ತಿದೆ ಕಣ್ರೀ..."

ತಹಸೀನ್ ಕೈಲಿದ್ದ ಬಿಲ್ ಪುಸ್ತಕ ಬಿಟ್ಟು ಎದ್ದು ನಿಂತಳು. ಕ್ರೌನ್ ಮತ್ತು ಅದನ್ನು ತಿರುಗಿಸುವ ಚಿಕ್ಕ ಪಿನಿಯನ್ ಎರಡೂ ಜೋಡಿಯಾಗಿಯೇ ತಯಾರಾಗುತ್ತವೆ. ಒಂದರ ಕ್ರೌನಿಗೆ ಇನ್ನೊಂದರ ಪಿನಿಯನ್ ಹಾಕಿದರೆ ಗಾಡಿ ಇರುವವರೆಗೂ ಕೂಗುತ್ತಲೇ ಇರುತ್ತದೆ.

'ಅಯ್ಯೋ ಅಲ್ಲಾ! ಜೋಡಿ ಅದಲುಬದಲು ಮಾಡಿಬಿಟ್ನಾ?'

"ಆ ತುದಿವರೆಗೆ ಓಡಿಸ್ಕೊಂಡು ಬನ್ನಿ," ಎಂದು ರಸ್ತೆ ಬದಿ ನಿಂತು ಕಿವಿಗೊಟ್ಟಳು. ಗಾಡಿ ಹೋಯಿತು, ಬಂತು. ಏನೂ ಕೇಳಿಸಲಿಲ್ಲ.

ಮುಂದಿನ ವಾರ, "ಲೋಡ್ ಹಾಕಿದಾಗ ಮಾತ್ರ ಬರುತ್ತೆ" ಎಂದ. ಅದರ ಮುಂದಿನ ವಾರ, "ಎಡಕ್ಕೆ ತಿರುಗ್ಸಿದಾಗ." ಕೊನೆಗೆ, "ಕುಣಿಗಲ್ ರೋಡಲ್ಲಿ ಬರುತ್ತೆ, ತುಮಕೂರಿಗೆ ಬಂದ್ರೆ ನಿಂತೋಗುತ್ತೆ!"

ಓದುವ ನಿಮಗೆ ಅರ್ಥವಾಗಿರಬೇಕು. ತಹಸೀನಳಿಗೆ ಆಗಲಿಲ್ಲ. ಹಲ್ಲಿನ ಲೆಕ್ಕದಲ್ಲಿ ಇಷ್ಟು ಚುರುಕಾದವಳು ಇಂಥದ್ದರಲ್ಲಿ ಶುದ್ಧ ಪೆದ್ದಿ! ಆದರೂ ಶುಕ್ರವಾರ ಬಂತೆಂದರೆ ಅವಳ ಕಣ್ಣು ರಸ್ತೆಯ ಮೇಲೆಯೇ ಇರುತ್ತಿತ್ತು. 'ಸೌಂಡ್ ಏನಾಯ್ತೋ ಅನ್ನೋ ಯೋಚನೆ ಅಷ್ಟೇ' ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಇಸ್ತ್ರಿ ಮಾಡಿದ ದುಪಟ್ಟಾ ಯಾಕೆ ಎಂದು ಅಮ್ಮಿ ಕೇಳಿದರೆ, 'ಗಿರಾಕಿಗಳು ಬರ್ತಾರಲ್ಲ' ಎಂದು ಅಂಗಡಿಗೆ ಓಡುತ್ತಿದ್ದಳು.

ಆದರೆ ಗುಬ್ಬಿ ಗೇಟಿಗೂ ಕಿವಿಯಿತ್ತಲ್ಲ. ಇಲಿ ಹೋಯ್ತು ಅಂದ್ರೆ ಹುಲಿ ಹೋಯ್ತು ಅನ್ನುವ ಜನ!

"ಸಾಹೇಬ್ರ ಮಗ್ಳು ಕೊಟ್ಟ ಕ್ರೌನ್ ಕೂಗುತ್ತಂತೆ ಕಣ್ಲಾ."

"ಜೋಡೀನೇ ತಪ್ಪಿಸವ್ಳಂತೆ!"

ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗತೊಡಗಿದರು. ಒಂದು ಶುಕ್ರವಾರ ಬೆಳಿಗ್ಗೆ ಅಬ್ಬಾ ಅವಳ ತಲೆ ಸವರಿ ಮೆಲ್ಲಗೆ ಹೇಳಿದರು.

"ಬೇಟಾ, ಸೋಮವಾರದಿಂದ ಅರ್ಫಾತ್ ಕೂತ್ಕೊಳ್ಲಿ. ಅಂಗಡಿ ಹೆಸ್ರು ಹೋದ್ರೆ ಮತ್ತೆ ಬರಲ್ಲ."

ಅವಳು ಹೂಂ ಎಂದಳು. ಅಂಗಡಿಯ ಹಿಂದಿನ ಗೋಡೌನಿಗೆ ಹೋಗಿ, ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಮಧ್ಯಾಹ್ನ ಯಾಸಿರ್ ಬಂದ. "ಇವತ್ತು ಸೌಂಡ್ ಸ್ವಲ್ಪ..."

"ಕೀ ಕೊಡಿ!"

"ಯಾಕ್ರೀ?"

"ಕ್ರೌನ್ ಬಿಚ್ಚಿಸ್ತೀನಿ. ದುಡ್ಡು ವಾಪಸ್ ತಗೊಂಡೋಗಿ. ನಾನು ಆರಿಸಿದ ಮೊದಲನೇ ಕ್ರೌನ್ ಅದು. ಅದ್ರಿಂದಾನೇ ಸೋಮವಾರ ಈ ಕುರ್ಚಿ ಬಿಡ್ತಿದೀನಿ. ಹೋಗೋಕ್ ಮುಂಚೆ ನನ್ನ ತಪ್ಪು ಏನು ಅಂತ ನೋಡ್ಬೇಕು ನಾನು!"

ಯಾಸಿರನ ಮುಖ ಬಿಳಿಚಿಕೊಂಡಿತು.

"ಕುರ್ಚಿ ಬಿಡ್ತಿದೀರಾ...? ಅಲ್ಲ, ನಿಮ್ಮ ತಪ್ಪಿಲ್ಲ ಕಣ್ರೀ. ಸೌಂಡೇ ಇಲ್ಲ."

"ಏನಂದ್ರಿ?"

"ಒಂದು ದಿನಾನೂ ಬಂದಿಲ್ಲ. ನಿಮ್ಮನ್ನ ನೋಡೋಕೆ... ಇಲ್ಲಿಗೆ ಬರೋಕೆ ಬೇರೆ ನೆಪ ಸಿಗ್ಲಿಲ್ಲ."

ಯಾವ ಹುಡುಗಿಯಾದರೂ ಕೇಳಲು ಕಾಯುವ ಮಾತು! ಆದರೆ ತಹಸೀನಳ ಕಣ್ಣು ಉರಿಯಿತು.

"ನಿಮ್ಗೆ ನೆಪ. ನನ್ಗೆ ಇದು ಜೀವ! ಬೋಲ್ಟ್ ಬೇಕು, ಆಯಿಲ್ ಬೇಕು ಅಂತ ಬಂದಿದ್ರೆ ಆಗ್ತಿರ್ಲಿಲ್ವಾ? ನನ್ನ ಕೆಲಸಕ್ಕೇ ಹೆಸ್ರು ಕೆಡಿಸ್ಬೇಕಿತ್ತಾ?"

"ನಾನು ಯೋಚ್ನೆ ಮಾಡ್ಲಿಲ್ಲ..."

"ಮಾಡ್ಬೇಡಿ. ಇನ್ಮೇಲೆ ಈ ಬಾಗಿಲಿಗೂ ಬರ್ಬೇಡಿ!"

ಅವನು ತಲೆ ತಗ್ಗಿಸಿಕೊಂಡು ಹೋದ. ಗಾಡಿ ಮರೆಯಾಗುವವರೆಗೂ ಅವಳು ನೋಡುತ್ತಲೇ ನಿಂತಿದ್ದಳು. 'ಇಷ್ಟ ಅಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ಈ ಮನುಷ್ಯನಿಗೆ!' ಎಂದು ಮನಸ್ಸು ಒದ್ದಾಡಿತು. ಆಗಲೇ ಅವಳಿಗೆ ತನ್ನ ಇಸ್ತ್ರಿಯ ಅರ್ಥವೂ ಗೊತ್ತಾಯಿತು. ಗೊತ್ತಾಗಿ ಇನ್ನಷ್ಟು ಸಿಟ್ಟು ಬಂತು.

ಸೋಮವಾರ ಬೆಳಿಗ್ಗೆ ಅಬ್ಬಾ ಕೋಲೂರಿಕೊಂಡು ಬಂದಿದ್ದರು. ತಹಸೀನ್ ಅಂಗಡಿಯ ಬೀಗದ ಕೈಯನ್ನು ಅರ್ಫಾತ್ ಕೈಗೆ ಕೊಟ್ಟಳು, ಅಷ್ಟರಲ್ಲಿ ರಸ್ತೆಯಲ್ಲಿ ಹಾರ್ನ್!

ಅಂಬಾಸಡರ್ ಬಂದು ನಿಂತಿತು. ಮೇಲೆ ಹಾಸಿಗೆಗಳು, ಒಳಗೆ ತುಂಬಾ ಜನ. ಯಾಸಿರನ ದಾದಿ ಅಮೀನಾ ಬೀ ಇಳಿದರು, ಸಿದ್ದಗಂಗಯ್ಯ ಇಳಿದರು. ಯಾಸಿರ್ ನೇರವಾಗಿ ಎದುರಿನ ಟೀ ಅಂಗಡಿಗೆ ಹೋಗಿ ಅಲ್ಲಿದ್ದ ಮೆಕ್ಯಾನಿಕ್‌ಗಳ ಮಧ್ಯೆ ನಿಂತ.

"ಎಲ್ಲಾರೂ ಕೇಳ್ಕೊಳ್ಳಿ! ನನ್ನ ಗಾಡೀಲಿ ಸೌಂಡ್ ಇಲ್ಲ. ಸೌಂಡ್ ಇದೆ ಅಂದಿದ್ದು ಸುಳ್ಳು. ಕ್ರೌನ್ ಚಿನ್ನದಂಥದ್ದು. ಸುಳ್ಳ ನಾನು!"

"ಯಾಕಪ್ಪಾ ಸುಳ್ಳು ಹೇಳ್ದೆ?" ಎಂದು ಯಾರೋ ಕೇಳಿದರು.

ಯಾಸಿರ್ ಕಿವಿಯವರೆಗೂ ಕೆಂಪಾದ. "ಅದನ್ನ ಸಾಹೇಬ್ರಿಗೆ ಮಾತ್ರ ಹೇಳ್ತೀನಿ."

ಹೇಳುವ ಅಗತ್ಯವೇ ಬೀಳಲಿಲ್ಲ. ಇಡೀ ಟೀ ಅಂಗಡಿ 'ಓಹೋಹೋ' ಎಂದಿತು! ತಹಸೀನ್ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು.

"ಸಾಹೇಬ್ರೆ, ಮಾತು ಬುಡಿ. ನೀವೇ ಕೂತು ನೋಡಿ," ಎಂದರು ಸಿದ್ದಗಂಗಯ್ಯ.

ಮುಖ್ತಾರ್ ಅಹಮದ್ ಹಿಂದಿನ ಸೀಟಿನಲ್ಲಿ, ಕ್ರೌನಿನ ಮೇಲಕ್ಕೇ ಬರುವಂತೆ ನಡುವೆ ಕೂತರು. ಗಾಡಿ ಅಷ್ಟೂ ಲೋಡ್ ಹೊತ್ತು ಕ್ಯಾತ್ಸಂದ್ರದ ಕಡೆ ಹೊರಟಿತು. ಕಾಯುತ್ತಾ ನಿಂತ ತಹಸೀನ್ ರಸ್ತೆಯ ತಿರುವಿನಿಂದ ಕಣ್ಣು ಕೀಳಲಿಲ್ಲ. ಜೋಡಿ ಸರಿಯಿದೆ ಎಂದು ಗೊತ್ತು, ಆದರೆ ಅಬ್ಬಾನ ಕಿವಿ ಏನನ್ನುತ್ತದೋ!

ಗಾಡಿ ತಿರುಗಿ ಬಂತು. ಅಬ್ಬಾ ಇಳಿದು ಸೊಂಟ ನೀವಿಕೊಂಡರು. ಕಣ್ಣು ಒದ್ದೆಯಾಗಿತ್ತು.

"ಅರ್ಫಾತ್, ಬೀಗದ ಕೈ ವಾಪಸ್ ಕೊಡು. ಇಂಥಾ ಕ್ರೌನ್ ನಾನೂ ಆರಿಸ್ತಿದ್ನೋ ಇಲ್ವೋ! ಬೇಟಾ, ಊರ ಮಾತು ಕೇಳ್ದೆ, ನಿನ್ನ ಕೇಳ್ಲಿಲ್ಲ. ಮಾಫ್ ಮಾಡು."

"ಅಬ್ಬಾ...!" ಅವಳು ಅವರ ಎದೆಗೊರಗಿ ಅತ್ತಳು, ನಕ್ಕಳು.

ಅರ್ಫಾತ್ ಮಾತ್ರ, "ಸದ್ಯ! ಗ್ರೀಸು ಅಂದ್ರೆ ನನ್ಗಾಗಲ್ಲ," ಎಂದು ಅಲ್ಲಿಂದ ಕಾಲ್ಕಿತ್ತ.

ಅಮೀನಾ ಬೀ ಸಾಹೇಬರ ಪಕ್ಕದ ಸ್ಟೂಲ್ ಮೇಲೆ ಕೂತು ಎಲೆಅಡಿಕೆ ಬಿಚ್ಚಿದರು. "ಹ್ಯಾಂಡ್ ಗೇರ್ ಕಿತ್ತಾಕ್ಸಿದ ಹುಡ್ಗಿ ಯಾರು ಅಂತ ಬಯ್ಯೋಕೆ ಬಂದೆ ಸಾಹೇಬ್ರೆ. ನೋಡಿದ್ರೆ ಮನೆ ತುಂಬಿಸ್ಕೊಳ್ಳೋಣ ಅನ್ಸುತ್ತೆ. ಏನಂತೀರಿ?"

ಸಾಹೇಬರು ಗಡ್ಡ ಸವರಿಕೊಂಡರು. "ಅವಳನ್ನ ಕೇಳ್ಬೇಕು ದಾದೀಮಾ. ಕೇಳ್ದೆ ನಿರ್ಧಾರ ಮಾಡೋದು ಇನ್ನು ಸಾಕು."

ಯಾಸಿರ್ ಅಂಗಡಿಯ ಹೊಸ್ತಿಲಿನ ಆಚೆಯೇ ನಿಂತಿದ್ದ. ಬಾಗಿಲಿಗೆ ಬರಬೇಡಿ ಅಂದಿದ್ದಳಲ್ಲ!

"ಒಳಗೆ ಬನ್ನಿ," ಎಂದಳು ತಹಸೀನ್, ಮುಖ ನೋಡದೆ.

"ಕೋಪ ಹೋಯ್ತಾ?"

"ಅರ್ಧ."

"ಇನ್ನರ್ಧ?"

"ಅದು ನೀವು ಮೊದಲೇ ಹೇಳದೆ ಇದ್ದಿದ್ದಕ್ಕೆ. ಎಷ್ಟು ಶುಕ್ರವಾರ ಕಾದಿದೀನಿ ಗೊತ್ತಾ ನಾನು?"

ಅವನ ಮುಖ ಅರಳಿತು. ಅವಳು ತಕ್ಷಣ ಬೆರಳೆತ್ತಿದಳು.

"ಆದ್ರೆ ಒಂದು ಮಾತು. ನಾನು ಈ ಅಂಗಡಿ ಬಿಟ್ಟು ಕುಣಿಗಲ್‌ಗೆ ಬರಲ್ಲ."

"ಬನ್ನಿ ಅಂದವ್ರ್ಯಾರು?"

"ಮತ್ತೆ ನಿಮ್ಮ ಹಾಸಿಗೆ ವ್ಯಾಪಾರ?"

"ಯಾಕೆ?" ಯಾಸಿರ್ ನಕ್ಕ. "ತುಮಕೂರಿನವ್ರು ಮಲಗಲ್ವಾ?"